ಪಡುವಣ ಬಾಗಿಲು

೯ ನವೆಂಬರ್ ೨೦೦೩
ಬಯಲು ಆಸ್ಪತ್ರೆ, ಕಾಂದಹಾರದ ಬಳಿ

ಶ್ರೀಮತಿ ಹುಲ್ಡಾ ರಾಬೆಯವರಿಗೆ,

ಸಮವಸ್ತ್ರ ತೊಟ್ಟ ಇಬ್ಬರು ನಿಮ್ಮ ಬಾಗಿಲಿಗೆ ಬಂದು ಹೇಳಬೇಕಾದ್ದನ್ನು ಇಷ್ಟರಲ್ಲಿ ಹೇಳಿ ಹೋಗಿರುತ್ತಾರೆ. ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ತಿಳಿಸಲು ಈ ಕಾಗದ ಬರೆಯುತ್ತಿದ್ದೇನೆ. ನಾನು ಇಲ್ಲಿಯ ಸೇನಾ ಪಾದ್ರಿ. ಅಕ್ಟೋಬರ್ ಇಪ್ಪತ್ತೆಂಟರ ಮಧ್ಯಾಹ್ನ ನಿಮ್ಮ ಮಗ ಸಾರ್ಜೆಂಟ್ ಲೈಲ್ ರಾಬೆಯನ್ನು ಹೆಲಿಕಾಪ್ಟರಿನಲ್ಲಿ ತಂದಾಗ ನಾನು ಅವನ ಮಂಚದ ಪಕ್ಕದಲ್ಲೇ ಇದ್ದೆ. ಅವನ ಕೈ ನನ್ನ ಕೈಯಲ್ಲಿತ್ತು. ನೋವು ಹೆಚ್ಚಿರಲಿಲ್ಲ, ವೈದ್ಯರು ಅದಕ್ಕೆ ಬೇಕಾದ್ದನ್ನು ಕೊಟ್ಟಿದ್ದರು.

ಟೆಕ್ಸಸಿನ ದಂಡಿನಲ್ಲಿದ್ದಾಗಲೇ ನನಗೆ ಲೈಲ್ ಪರಿಚಯ. ಅವನು ಹಿಡಿದ ದಾರಿ ನನ್ನದಲ್ಲ ಎಂಬುದು ನನಗೆ ಗೊತ್ತಿತ್ತು, ನಿಮಗೂ ಗೊತ್ತಿದ್ದೀತು. ಆದರೆ ತಾಯಿಯಾದ ನಿಮಗೆ ಇದು ತಿಳಿಯಬೇಕು: ನಾನು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರು ಮಾಡಿದಾಗ ಅವನೂ ನನ್ನ ಜೊತೆ ಪದಕ್ಕೆ ಪದ, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಆಮೆನ್ ತನಕ ಹೇಳಿದ. ಮನೆಗೆ ಮರಳಿದವನ ಹಾಗೆ ಹೋದ. ಈ ಮಾತು ನಿಮಗೆ ಊರುಗೋಲಾಗಲಿ.

ದುಃಖದಲ್ಲಿ ನಿಮ್ಮವ,
ಕ್ಯಾಪ್ಟನ್ ಎಲ್ಡನ್ ಪ್ರೂಯಿಟ್


೧೪ ಡಿಸೆಂಬರ್ ೨೦೦೩
ಕ್ಯಾಸ್ಪರ್ ಕ್ರೀಕ್, ಟೆಕ್ಸಸ್

ಪ್ರೂಯಿಟ್ ಅವರೇ,

ನಿಮ್ಮ ಕಾಗದ ಬಂದು ಒಂದು ತಿಂಗಳಾಯಿತು. ದಿನಕ್ಕೆ ಎರಡು ಸಲ ಓದುತ್ತಿದ್ದೇನೆ. ಮಡಿಕೆಯಲ್ಲಿ ಹರಿಯತೊಡಗಿತು. ಮೂವತ್ತೊಂದು ವರ್ಷ ಜಿಲ್ಲಾ ಗ್ರಂಥಾಲಯ ನೋಡಿಕೊಂಡವಳು ನಾನು. ಹರಿದ ಕಾಗದಕ್ಕೆ ತೆಳು ಪಟ್ಟಿ ಅಂಟಿಸುವುದು ಕೈಗೆ ಬರುತ್ತದೆ, ಅಂಟಿಸಿದ್ದೇನೆ.

ನಾನು ಚರ್ಚಿಗೆ ಹೋಗುವ ಹೆಂಗಸಲ್ಲ. ಹಾಗಂತ ಲೈಲ್ ಹಿಡಿದ ವಿಕ್ಕಾ, ಊರವರ ಬಾಯಲ್ಲಿ ಮಾಟಗಾತಿಯರ ಧರ್ಮ, ನನಗೆ ಹಿತವಾಗಿತ್ತೆಂದೂ ಅಲ್ಲ. ಹುಣ್ಣಿಮೆಗೆ ಹುಲ್ಲುಗಾವಲಿನಲ್ಲಿ ಚಕ್ರ ಕಟ್ಟುವುದು, ನಾಲ್ಕು ದಿಕ್ಕನ್ನು ಹೆಸರಿಟ್ಟು ಕೂಗುವುದು, ಕತ್ತಿನಲ್ಲಿ ಐದು ಮೂಲೆಯ ನಕ್ಷತ್ರ. ನಾನು ಮಾತಿಗೆ ಮಾತು ಬೆಳೆಸಿ ಜಗಳವಾಡಿದ್ದೇನೆ. ಆದರೆ ೧೯೯೯ರಲ್ಲಿ ದಂಡಿನ ಆ ಚಕ್ರದ ಚಿತ್ರ ಪತ್ರಿಕೆಯಲ್ಲಿ ಬಂದು ಇಡೀ ಜಿಲ್ಲೆ ರೊಚ್ಚಿಗೆದ್ದಾಗ, ಆ ಹುಡುಗರ ಪರವಾಗಿ ಸಂಪಾದಕರಿಗೆ ಬರೆದವಳು ನಾನೊಬ್ಬಳೇ. ಎದುರು ಮನೆಯ ಅಯೋನಿ ಫ್ಲೂಗರ್ ಬೇಲಿ ಮೇಲಿಂದ ಕೇಳಿದಳು:

"ಏನೇ ಹುಲ್ಡಾ, ನಿನ್ ಮಗನಿಗೆ ಹಾರೋಕೆ ಪೊರಕೆ ಸರ್ಕಾರದವ್ರೇ ಕೊಡ್ತಾರೋ, ಮನೆಯಿಂದ ತಗೊಂಡು ಹೋಗ್ಬೇಕೋ?"

"ನಿಮ್ಮನೇದು ಕೊಡಮ್ಮ. ಹೇಗೂ ನೀನು ಅದನ್ನ ಮುಟ್ಟಲ್ವಲ್ಲ" ಅಂದೆ.

ಯಾಕೆ ಬರೆದೆನೆಂದರೆ, ನನಗೆ ಮರೆವು ಕಡಿಮೆ. ೧೯೧೮ರಲ್ಲಿ ನಮ್ಮಜ್ಜಿಯನ್ನು ಹೂಳುವಾಗ ನಮ್ಮಜ್ಜ ಜರ್ಮನ್ ಭಾಷೆಯಲ್ಲಿ ಪ್ರಾರ್ಥನೆ ಶುರು ಮಾಡಿದರು. ಜರ್ಮನಿಯ ಮೇಲೆ ಯುದ್ಧ ನಡೆಯುತ್ತಿದ್ದ ಕಾಲ. ಬೇಲಿ ಹಾರಿ ಬಂದ ಊರಿನ ಗಂಡಸರು, "ಇಲ್ಲಿ ಹೂಳೋದಾದ್ರೆ ಇಂಗ್ಲಿಷಲ್ಲಿ ಹೂಳು, ಇಲ್ಲಾಂದ್ರೆ ಎತ್ಕೊಂಡು ಹೋಗು" ಅಂದರಂತೆ. ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಜ್ಜಿಯನ್ನು ಮಾತಿಲ್ಲದೆ ಹೂತರು. ಹದಿಮೂರು ವರ್ಷದ ನನ್ನ ತಂದೆ ನಿಂತು ನೋಡಿದ್ದರು. ಆ ಗಂಡಸರ ಮೊಮ್ಮಕ್ಕಳು ಈಗ ನಮ್ಮೂರಲ್ಲಿ ಅಂಗಡಿ ಇಟ್ಟಿದ್ದಾರೆ. ಅವರ ಹತ್ತಿರವೇ ನಾನು ಮೊಳೆ, ಬಣ್ಣ ತರುವುದು. ಒಬ್ಬನಿಗೂ ಅದರ ನೆನಪಿಲ್ಲ.

ಇಷ್ಟೆಲ್ಲ ಹೇಳಿಯೂ ನಿಮ್ಮ ಕಾಗದ ನನಗೆ ಸಮಾಧಾನ ತಂದಿತೆಂದು ಒಪ್ಪಿಕೊಳ್ಳಬೇಕು. ನನಗೇ ಆಶ್ಚರ್ಯ. ಸೊಸೆ ಮಾರ್ನಿಗೂ ಓದಿ ಹೇಳಿದೆ. ಅವಳೂ ವಿಕ್ಕಾದವಳು; ಅಲ್ಲೇ ಲೈಲ್ ಅವಳನ್ನು ಕಂಡದ್ದು. ಅವಳು ಕೇಳಿಸಿಕೊಂಡು ಅಂಗಳಕ್ಕೆ ಎದ್ದುಹೋದಳು. ಸಮಾಧಿಯ ಕಲ್ಲಿನ ಮೇಲೆ ಶಿಲುಬೆ ಕೆತ್ತಿಸಿದೆವು. ಸೈನಿಕರ ಕಲ್ಲಿಗೆ ಸರ್ಕಾರ ಒಪ್ಪುವ ಗುರುತುಗಳ ಪಟ್ಟಿಯಲ್ಲಿ ಅವರ ನಕ್ಷತ್ರ ಹೇಗೂ ಇಲ್ಲ.

ಋಣಿ,
ಹುಲ್ಡಾ ರಾಬೆ


೨ ಮಾರ್ಚ್ ೨೦೦೪
ಪೈನ್ ರಿಡ್ಜ್ ರಸ್ತೆ, ಅರ್ಕಾನ್ಸಾ

ಪ್ರಿಯ ಶ್ರೀಮತಿ ರಾಬೆ,

ನಾನೀಗ ಊರಿನಲ್ಲಿದ್ದೇನೆ. ಸೇನೆಯ ಕೆಲಸ ಬಿಟ್ಟೆ. ಇಲ್ಲಿನ ಸಣ್ಣ ಚರ್ಚಿನಲ್ಲಿ ಭಾನುವಾರ ಉಪದೇಶ ಮಾಡುತ್ತೇನೆ, ಉಳಿದ ದಿನ ಜೇನುಪೆಟ್ಟಿಗೆ ನೋಡಿಕೊಳ್ಳುತ್ತೇನೆ.

ನನ್ನ ಕಾಗದವನ್ನು ಅಷ್ಟು ಸಲ ಓದಬೇಡಿ. ಅದು ಅವಸರದಲ್ಲಿ ಬರೆದದ್ದು.

ಆರೋಗ್ಯ ಸುಮಾರಾಗಿದೆ. ನಿದ್ದೆ ಮಾತ್ರ ಸರಿಯಿಲ್ಲ, ಮಂಚ ಎಲ್ಲಿಟ್ಟರೂ ಒಗ್ಗುವುದಿಲ್ಲ. ಹೆಂಡತಿ ವರ್ನಾ ಗೇಲಿ ಮಾಡುತ್ತಾಳೆ: "ಎಲ್ಡನ್, ಈ ಮಂಚಕ್ಕೇನು ಕಾಲು ಬಂದಿದ್ಯಾ? ವಾರಕ್ಕೊಂದ್ಸಲ ತಿರುಗ್ಕೊಂಡು ಕೂತಿರತ್ತೆ!"

ದೇವರು ನಿಮ್ಮನ್ನು ಕಾಯಲಿ.
ಎಲ್ಡನ್ ಪ್ರೂಯಿಟ್


೫ ನವೆಂಬರ್ ೨೦೦೬
ಕ್ಯಾಸ್ಪರ್ ಕ್ರೀಕ್

ಪ್ರೂಯಿಟ್ ಅವರೇ,

ಎರಡೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ಒಂದು ಪ್ರಶ್ನೆ ಕೇಳಬೇಕಿದೆ. ಅದಕ್ಕೆ ಮೊದಲು ಸ್ವಲ್ಪ ತಾಳ್ಮೆಯಿಂದ ಓದಿ.

ಅಕ್ಟೋಬರ್ ಕೊನೆಯ ದಿನ ಮಾರ್ನಿಯ ಕೂಟದವರು ಸತ್ತವರಿಗೆ ಊಟ ಬಡಿಸುತ್ತಾರೆ. ಮೂಕ ಊಟ. ಕೂತಮೇಲೆ ಯಾರೂ ಮಾತಾಡುವಂತಿಲ್ಲ, ಬಡಿಸುವುದೂ ಹಿಂದುಮುಂದಾಗಿ: ಮೊದಲು ಸಿಹಿ, ಕೊನೆಗೆ ರೊಟ್ಟಿ. ಕೂರುವ ಮುಂಚೆ ಪ್ರತಿಯೊಬ್ಬರೂ ತಮ್ಮವರ ಹೆಸರನ್ನು ಮೂರು ಸಲ ಕರೆದು ಅವರಿಗೊಂದು ಕುರ್ಚಿ ಎಳೆದಿಡುತ್ತಾರೆ. ಈ ವರ್ಷ ಮೊದಲ ಸಲ ನಾನೂ ಹೋದೆ. ಪೀಚ್ ಹಣ್ಣಿನ ಕಡುಬು ಒಯ್ದಿದ್ದೆ, ಲೈಲ್‌ಗೆ ಇಷ್ಟವಾದ್ದು. ಒಬ್ಬಳು ತಂಗಿಯನ್ನು ಕರೆದಳು, ಒಬ್ಬ ತನ್ನ ತುಕಡಿಯ ಮೂವರನ್ನು ಕರೆದ. ಮಾರ್ನಿ ತನ್ನ ಅಜ್ಜಿಯನ್ನು ಕರೆದು ಕೂತುಬಿಟ್ಟಳು.

ಊಟ ಮುಗಿಯುವ ತನಕ ಬಾಯಿ ಕಟ್ಟಿಕೊಂಡಿದ್ದೆ. ಅಂಗಳಕ್ಕೆ ಬಂದ ಕೂಡಲೇ ಹಿಡಿದುಕೊಂಡೆ.

"ಯಾಕೇ, ಗಂಡನ ಹೆಸರು ಮರ್ತೋಯ್ತಾ?"

"ಮರೆಯೋದಾ ಅತ್ತೆ? ನಾನು ಮೂರು ವರ್ಷದಿಂದ ಅವನನ್ನ ಕರೆದಿಲ್ಲ. ಕರೆಯೋ ಹಾಗಿಲ್ಲ."

"ಯಾರು ಬೇಡ ಅಂದ್ರು?"

"ನೀವೇ ಓದಿದ್ರಲ್ಲ ಕಾಗದಾನ. ಕೊನೇಲಿ ಅವನು ಬೇರೆ ಬಾಗಿಲು ಆರಿಸ್ಕೊಂಡ. ಬೇರೆ ಬಾಗಿಲಲ್ಲಿ ಹೋದವ್ರನ್ನ ನಮ್ಮ ಬಾಗಿಲಿಗೆ ಎಳೀಬಾರ್ದು. ನಮ್ಮಲ್ಲಿ ಅದು ದೊಡ್ಡ ತಪ್ಪು. ಅವನ ಶಾಂತಿ ಕೆಡತ್ತೆ."

ಹೇಳುತ್ತ ಅವಳು ಅಳಲಿಲ್ಲ. ಮೂರು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದಳು: ಸಾಯುವ ಗಳಿಗೆಯಲ್ಲಿ ಗಂಡ ತನ್ನನ್ನು ಬಿಟ್ಟು ಆ ಕಡೆ ಹೋದ ಎಂದು. ಆಮೇಲೆ ಮೆಲ್ಲಗೆ ಕೇಳಿದಳು: "ಅತ್ತೆ, ಲೈಲ್‌ಗೆ ಆ ಪ್ರಾರ್ಥನೆ ಇಂಗ್ಲಿಷಲ್ಲಿ ಬರ್ತಿತ್ತಾ?"

ಕಾರಿನ ಬಾಗಿಲು ಹಿಡಿದು ನಿಂತುಬಿಟ್ಟೆ. ಬರುತ್ತಿರಲಿಲ್ಲ ಪ್ರೂಯಿಟ್ ಅವರೇ. ನಾನು ಅವನನ್ನು ಚರ್ಚಿಗೆ ಕರೆದೊಯ್ದವಳೇ ಅಲ್ಲ. ಕಲಿಸಿದವರು ನನ್ನ ತಂದೆ. ಆ ಮಣ್ಣಿನ ದಿನದ ಮೇಲೆ ಅವರು ಆ ಪ್ರಾರ್ಥನೆಯನ್ನು ಜರ್ಮನ್ ಬಿಟ್ಟು ಬೇರೆ ಭಾಷೆಯಲ್ಲಿ ಬಾಯಿಗೆ ತಂದವರಲ್ಲ. ಲೈಲ್‌ಗೂ ಅದೊಂದೇ ಗೊತ್ತಿದ್ದದ್ದು.

ನನ್ನ ಪ್ರಶ್ನೆ ಇಷ್ಟೇ. ನಿಮ್ಮ ಕಿವಿಗೆ ಬಿದ್ದದ್ದು ಏನು?

ಇನ್ನೊಂದು ವಿಷಯ. ಹೇಳಲು ನಾಚಿಕೆ. ನಮ್ಮ ಮನೆ ಸುತ್ತ ಜಲ್ಲಿ ಹಾಸಿದೆ. ಲೈಲ್ ಹೋದ ಚಳಿಗಾಲದಿಂದ ಸಂಜೆ ಐದರ ಸುಮಾರಿಗೆ ಆ ಜಲ್ಲಿಯ ಮೇಲೆ ಹೆಜ್ಜೆ ಸದ್ದು. ಮೂಡಣದ ಜಗಲಿಯ ಹತ್ತಿರ ಶುರುವಾಗಿ, ತೆಂಕಣದ ಅಡುಗೆಮನೆ ಪಕ್ಕ ಹಾದು, ನೀರಿನ ತೊಟ್ಟಿಯ ಮೂಲೆಗೆ ಬಂದು ನಿಲ್ಲುತ್ತದೆ. ಮುಂದೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಜಗಲಿಯಿಂದ. ಕಿಟಕಿಯಿಂದ ನೋಡಿದರೆ ಏನೂ ಇಲ್ಲ. ಆ ಮೂಲೆಯಾಚೆ ಪಡುವಣದ ಗೋಡೆ. ಅಲ್ಲೊಂದು ಬಾಗಿಲಿತ್ತು, ಬಿಸಿಲಿಗೆ ಪುಸ್ತಕ ಬಣ್ಣಗೆಡುತ್ತವೆಂದು ೧೯೭೪ರಲ್ಲೇ ಅದಕ್ಕೆ ಕಪಾಟು ಅಡ್ಡ ಇಟ್ಟೆ. ಆರ್ಮಡಿಲೊ ಪ್ರಾಣಿ ಮಣ್ಣು ಕೆದಕುತ್ತಿರಬೇಕು ಎಂದುಕೊಂಡಿದ್ದೇನೆ. ಆದರೆ ಆರ್ಮಡಿಲೊ ಬೂಟು ಹಾಕುವುದಿಲ್ಲ.

ಹುಲ್ಡಾ ರಾಬೆ


೨೦ ನವೆಂಬರ್ ೨೦೦೬
ಅರ್ಕಾನ್ಸಾ

ಶ್ರೀಮತಿ ರಾಬೆ,

ಗಡಿಬಿಡಿ, ಯಂತ್ರಗಳ ಸದ್ದು, ಮೂರು ವರ್ಷದ ಹಿಂದಿನ ಮಾತು. ಭಾಷೆಯ ವಿಷಯದಲ್ಲಿ ನನ್ನ ನೆನಪು ತಪ್ಪಿರಬಹುದು. ಜರ್ಮನ್ ಇದ್ದರೂ ಇರಬಹುದು.

ಆ ಸದ್ದು ನಿಲ್ಲುವ ಮೂಲೆ ನೈಋತ್ಯ ತಾನೇ? ಸುಮ್ಮನೆ ಕೇಳಿದೆ. ಆರ್ಮಡಿಲೊವೇ ಇರಬೇಕು.

ಎ. ಪ್ರೂಯಿಟ್


೧೧ ಮೇ ೨೦೦೭
ಕ್ಯಾಸ್ಪರ್ ಕ್ರೀಕ್

ಪ್ರೂಯಿಟ್ ಅವರೇ,

ಆ ನಕ್ಷತ್ರ ಕೊನೆಗೂ ಪಟ್ಟಿಗೆ ಸೇರಿತು, ನೀವೂ ಓದಿರುತ್ತೀರಿ. ವಿಧವೆಯರು ನ್ಯಾಯಾಲಯದ ಮೆಟ್ಟಿಲು ಹತ್ತಿ, ಹತ್ತು ವರ್ಷ ಗೋಗರೆದ ಮೇಲೆ. ಬೇರೆ ಧರ್ಮಗಳ ಗುರುತು ಮೂವತ್ತಕ್ಕೂ ಹೆಚ್ಚಿದ್ದವು. ದೇವರೇ ಇಲ್ಲ ಅನ್ನುವವರಿಗೂ ಒಂದಿತ್ತು. ಈ ದೇಶಕ್ಕಾಗಿ ಸತ್ತವನ ತಲೆಯ ಮೇಲೆ ಐದು ಗೆರೆ ಎಳೆಯಲು ಇಷ್ಟು ಕಾಲ ಬೇಕಾಯಿತು. ಮುಂದಿನ ತಲೆಮಾರು ಇದನ್ನು ಮರೆಯುತ್ತದೆ. ನಾನು ಬದುಕಿರುವಷ್ಟು ದಿನ ಮರೆಯಲು ಬಿಡುವುದಿಲ್ಲ.

ಕಲ್ಲು ಬದಲಿಸಿಕೊಡಿ ಎಂದು ಮಾರ್ನಿಯೂ ನಾನೂ ಸ್ಮಶಾನದ ಕಚೇರಿಗೆ ಹೋದೆವು. ಅಲ್ಲಿನ ಹುಡುಗಿ ಒಳ್ಳೆಯವಳು. ಕಡತ ತಿರುವಿ, "ಅಮ್ಮಾ, ಇದ್ರಲ್ಲಿ ಪಾದ್ರಿಗಳ ಕಾಗದ ಇದೆಯಲ್ಲಾ. ಸಾಯೋವಾಗ ಯೇಸುವನ್ನ ನೆನೆದ್ರು ಅಂತ. ಇದಿರೋವಾಗ ಬೇರೆ ಪುರಾವೆ ಇಲ್ದೆ ಕಲ್ಲು ಬದಲಿಸೋಕಾಗಲ್ಲ. ಇದನ್ನ ಇಲ್ಲಿಗೆ ಕೊಟ್ಟಿದ್ದು ಯಾರು?" ಎಂದಳು.

ಕೊಟ್ಟವಳು ನಾನು. ಅದು ಮಾರ್ನಿಗೆ ಗೊತ್ತಿರಲಿಲ್ಲ. ಕಲ್ಲಿನ ಅರ್ಜಿಗೆ ಅವಳ ಸಹಿ ಹಾಕಿಸಿಕೊಂಡ ದಿನ, ನಿಮ್ಮ ಕಾಗದದ ಪ್ರತಿಯನ್ನು ಹಿಂದೆ ಸೇರಿಸಿ ಶಿಲುಬೆಯ ಮುಂದೆ ಗುರುತು ಹಾಕಿದವಳು ನಾನೇ. ವಾಪಸು ಬರುವಾಗ ನಲವತ್ತು ಮೈಲಿ ಇಬ್ಬರೂ ಮೂಕ ಊಟಕ್ಕೆ ಕೂತವರ ಹಾಗೆ ಬಂದೆವು.

ಇನ್ನೂ ಇದೆ. ಸೈನಿಕರ ಕತ್ತಿನ ಬಿಲ್ಲೆಯಲ್ಲಿ ಧರ್ಮ ಬರೆದಿರುತ್ತದಲ್ಲ. ಲೈಲ್ "ವಿಕ್ಕಾ" ಎಂದು ಕೆತ್ತಿಸಲು ಹೊರಟಿದ್ದ. ಅಡ್ಡ ಬಂದವಳು ನಾನು. "ಬೇಡ ಕಣೋ. ಸಿಕ್ಕಿಹಾಕ್ಕೊಂಡ್ರೆ, ಗಾಯ ಆದ್ರೆ, ನಿನ್ನ ಮುಟ್ಟೋರು ಅದನ್ನ ನೋಡಿ ಏನಂದ್ಕೋತಾರೋ. ಖಾಲಿ ಬಿಡು." ಅವನು ನಕ್ಕ. "ಪೇಪರ್‌ಗೆ ಬರೆಯೋವಾಗ ಹುಲಿ, ಮನೇಲಿ ಇಲಿ ಆಗ್ಬಿಟ್ಯಲ್ಲಮ್ಮ!" ಅಂದ. ಆದರೂ ನನ್ನ ಮಾತಿಗೆ ಖಾಲಿ ಬಿಡಿಸಿದ. ಅದಕ್ಕೇ ಈಗ ನಮ್ಮ ಕೈಯಲ್ಲಿ ಪುರಾವೆಯಿಲ್ಲ. ಊರ ಗಂಡಸರು ಬೇಲಿ ಹಾರಿ ಬಂದು ಮಾಡಿದ್ದನ್ನು ನಾನು ಮನೆಯೊಳಗೆ ಕೂತು, ಪ್ರೀತಿಯಿಂದ ಮಾಡಿದೆ.

ಲೈಲ್ ಯಾವ ದೇವರನ್ನು ನಂಬಿದ್ದನೆಂದು ಬರೆದು ಹೇಳಬಲ್ಲ ಸೇನೆಯ ಮನುಷ್ಯರು ನೀವೊಬ್ಬರೇ. ಆ ಕಾಗದ ಸುಳ್ಳಾದರೆ ಸುಳ್ಳೆಂದು ಬರೆದು ಕೊಡಿ. ನಿಜವಾದರೆ ನಿಜವೆಂದೇ ಬರೆಯಿರಿ, ನಾನು ಸುಮ್ಮನಾಗುತ್ತೇನೆ. ಮಾರ್ನಿಯೂ ಸುಮ್ಮನಾಗುತ್ತಾಳೆ. ಕರೆಯಬೇಕೋ ಬೇಡವೋ ಎಂದು ಅವಳಿಗೆ ಗೊತ್ತಾಗಬೇಕು.

ಸದ್ದು ಇನ್ನೂ ಇದೆ. ಹೌದು, ನೈಋತ್ಯ. ಆ ಮೂಲೆಯನ್ನು ನೀವು ಯಾಕೆ ಕೇಳಿದಿರಿ?

ಹುಲ್ಡಾ ರಾಬೆ


೩೦ ಜೂನ್ ೨೦೦೭

ಪ್ರೂಯಿಟ್ ಅವರೇ,

ಏಳು ವಾರವಾಯಿತು. ನಾನು ಎಪ್ಪತ್ತರವಳು, ಹಟಕ್ಕೆ ಕೂತರೆ ಇನ್ನೂ ಇಪ್ಪತ್ತು ವರ್ಷ ಬದುಕುತ್ತೇನೆ. ತಿಂಗಳಿಗೊಂದು ಕಾಗದ ಬರುತ್ತಿರುತ್ತದೆ.

ಹು. ರಾಬೆ


೮ ಸೆಪ್ಟೆಂಬರ್ ೨೦೦೭
ಅರ್ಕಾನ್ಸಾ

ಶ್ರೀಮತಿ ರಾಬೆಯವರೇ,

ಇದರ ಜೊತೆ ಪ್ರಮಾಣ ಮಾಡಿ ಸಹಿ ಹಾಕಿದ ಒಂದು ಹೇಳಿಕೆ ಇದೆ. ಕಚೇರಿಗೆ ಅದು ಸಾಕು. ಕೆಳಗಿನದು ನಿಮಗೆ ಮತ್ತು ಮಾರ್ನಿಗೆ.

೨೦೦೧ರ ವಸಂತದಲ್ಲಿ ನಿಮ್ಮ ಮಗ ನನ್ನ ಕೋಣೆಗೆ ಬಂದ. ಹುಲ್ಲುಗಾವಲು ಬಳಸಲು ಪಾದ್ರಿಯ ಸಹಿ ಬೇಕಿತ್ತು. ಯಾವ ಧರ್ಮದವನೇ ಆಗಲಿ, ಅವನ ಪೂಜೆಗೆ ಅನುವು ಮಾಡಿಕೊಡುವುದು ಸೇನಾ ಪಾದ್ರಿಯ ಕರ್ತವ್ಯ; ಮನಸ್ಸಿಲ್ಲದಿದ್ದರೂ ಹಾಕಿದೆ. ಕಣ್ಣಿಡಬೇಕೆಂದು ನಾನೂ ಹೋಗಿ ಹಗ್ಗದಾಚೆ ನಿಂತೆ. ಅವನು ಹತ್ತಿರ ಬಂದು ಕೀಟಲೆ ಮಾಡಿದ: "ಭಯ ಬೀಳ್ಬೇಡಿ ಪಾದ್ರಿಗಳೇ, ನಿಮ್ಮನ್ನ ಕಪ್ಪೆ ಮಾಡಲ್ಲ. ಸುಮ್ನೆ ದಿಕ್ಕು ಕಲೀರಿ. ಮೂಡಣದಿಂದ ಶುರು, ಸೂರ್ಯ ಹೋದ ಹಾಗೇ ಹೋಗೋದು. ಪಡುವಣ ಇದ್ಯಲ್ಲ, ಅದು ನಮ್ಮ ಸತ್ತೋರ ಬಾಗಿಲು. ಹೋಗೋವಾಗ ಅತ್ಲಾಗೆ ಮುಖ ಮಾಡಿ ಹೋಗ್ಬೇಕು. ನಿಮಗೂ ಬೇಕಾದ್ರೆ ಬಳಸ್ಕೊಳ್ಳಿ, ಬೀಗ ಹಾಕಿರಲ್ಲ." ನಾನು ನಕ್ಕೆ. ಅಂದರೆ ನನಗೆ ಗೊತ್ತಿತ್ತು. ನೆನಪಿಡಿ, ನನಗೆ ಗೊತ್ತಿತ್ತು.

ಆ ಮಧ್ಯಾಹ್ನ ಅವನನ್ನು ಮಲಗಿಸಿಕೊಂಡೇ ತಂದಿದ್ದರು. ಗುಡಾರಕ್ಕೆ ಕಿಟಕಿಯಿರಲಿಲ್ಲ. ನನ್ನ ಗುರುತು ಸಿಕ್ಕಿತು ಅವನಿಗೆ. "ಪಾದ್ರಿಗಳೇ, ಪಡುವಣ ಯಾವ ಕಡೆ?" ಎಂದು ಕೇಳಿದ.

ನನ್ನ ಗಡಿಯಾರದ ಪಟ್ಟಿಯಲ್ಲೇ ದಿಕ್ಸೂಚಿ ಇತ್ತು. ಪಡುವಣ ಅವನ ಎಡಗೈ ಕಡೆ, ಔಷಧಿ ಪೆಟ್ಟಿಗೆಗಳಿದ್ದ ಬದಿಗೆ. ಕತ್ತನ್ನು ಸ್ವಲ್ಪ ಹೊರಳಿಸಿದ್ದರೆ ಸಾಕಿತ್ತು. ಬೆರಳು ತೋರಿಸಿದ್ದರೂ ಸಾಕಿತ್ತು. ಇನ್ನೊಂದೇ ನಿಮಿಷ ಸಿಕ್ಕರೆ ಈ ಆತ್ಮವನ್ನು ಉಳಿಸಿಬಿಡುತ್ತೇನೆ ಎಂದುಕೊಂಡೆ. ಆ ನಿಮಿಷ ನಾನು ಅವನನ್ನು ಪ್ರೀತಿಸುತ್ತಿದ್ದೆ, ಇದನ್ನು ನಂಬಿ. ತೋಳನ್ನು ಕೆಳಗೆಳೆದುಕೊಂಡು ಗಡಿಯಾರ ಮುಚ್ಚಿದೆ. ಪ್ರಾರ್ಥನೆ ಶುರು ಮಾಡಿದೆ.

ಅವನು ನನ್ನ ಜೊತೆ ಒಂದು ಪದವನ್ನೂ ಹೇಳಲಿಲ್ಲ, ಇಂಗ್ಲಿಷಿನಲ್ಲೂ ಇಲ್ಲ, ಜರ್ಮನ್ನಿನಲ್ಲೂ ಇಲ್ಲ. ತುಟಿ ಅಲ್ಲಾಡುತ್ತಿತ್ತು. "ಯಾವ ಕಡೆ, ಯಾವ ಕಡೆ" ಅನ್ನುತ್ತಿದ್ದ. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಹುಡುಕುತ್ತಿದ್ದ. ನಾನು ದನಿ ಏರಿಸಿದೆ. ಆಮೆನ್ ಅನ್ನುವಾಗ ಅವನು ಗುಡಾರದ ಸೂರನ್ನು ನೋಡುತ್ತಿದ್ದ.

ಆಮೇಲೆ ನಿಮಗೆ ಬರೆಯಲು ಕೂತೆ. ತಾಯಿಗೆ ಇದೇ ಬೇಕಿರುತ್ತದೆ ಎಂದುಕೊಂಡೆ. ನಾನು ಉಪದೇಶ ಮಾಡುವುದು ಬಿಟ್ಟು ಈಗ ಒಂದು ವರ್ಷ; ಬಾಯಿ ತೆರೆದರೆ ಆ ಪ್ರಾರ್ಥನೆ ಮೂರನೆಯ ಸಾಲಿಗೆ ನಿಲ್ಲುತ್ತದೆ. ಮಲಗಿದರೆ ಪಡುವಣ ಯಾವ ಕಡೆ ಎಂದು ತಿಳಿಯುವುದಿಲ್ಲ. ನಾನು ಹುಟ್ಟಿ ಬೆಳೆದ ಮನೆ ಇದು. ಎದ್ದು ಮಂಚ ತಿರುಗಿಸುತ್ತೇನೆ. ನಿಮ್ಮ ಮನೆಯ ಆ ಮೂಲೆಯನ್ನು ಯಾಕೆ ವಿಚಾರಿಸಿದೆನೆಂದು ಕೇಳಿದಿರಿ. ಅಲ್ಲಿಗಿಂತ ಮುಂದಿನ ದಾರಿಯನ್ನು ಮುಚ್ಚಿದವನು ನಾನು.

ಗಡಿಯಾರ ಕಳಿಸುತ್ತಿದ್ದೇನೆ. ಅದು ನನ್ನ ಹತ್ತಿರ ಇರಬಾರದು.

ಎಲ್ಡನ್ ಪ್ರೂಯಿಟ್


೧೯ ಸೆಪ್ಟೆಂಬರ್ ೨೦೦೭

ಹೇಳಿಕೆ ತಲುಪಿತು. ಕಚೇರಿಗೆ ಕೊಟ್ಟೆ. ಮಾರ್ನಿ ನಿಮ್ಮ ಕಾಗದವನ್ನು ನಿಂತೇ ಓದಿದಳು. "ಬಿಟ್ಟು ಹೋಗಿರಲಿಲ್ಲ ಅತ್ತೆ ಅವನು ನನ್ನ" ಎಂದು ಒಂದೇ ಮಾತು ಹೇಳಿ ನೆಲದ ಮೇಲೆ ಕೂತಳು. ನನಗೆ ಇನ್ನು ಬರೆಯಬೇಡಿ.

ಹು. ರಾ.


೨೪ ನವೆಂಬರ್ ೨೦೦೮
ಕ್ಯಾಸ್ಪರ್ ಕ್ರೀಕ್

ಪ್ರೂಯಿಟ್ ಅವರೇ,

ಬರೆಯಬೇಡಿ ಎಂದವಳು ನಾನು, ನೀವು ಹಾಗೇ ನಡೆದುಕೊಂಡಿರಿ. ಆದರೆ ಉಳಿದದ್ದನ್ನು ತಿಳಿಯುವ ಹಕ್ಕು ನಿಮಗಿದೆ ಎಂದು ಮಾರ್ನಿ ಹೇಳುತ್ತಾಳೆ. ನಾನು ಒಪ್ಪಿಲ್ಲ. ಅವಳ ಮಾತಿಗೆ ಬರೆಯುತ್ತಿದ್ದೇನೆ.

ಈ ಸೆಪ್ಟೆಂಬರಿನಲ್ಲಿ ಹೊಸ ಕಲ್ಲು ನಿಂತಿತು. ವೃತ್ತ, ಅದರೊಳಗೆ ನಕ್ಷತ್ರ. ಅಯೋನಿ ಫ್ಲೂಗರ್ ಪಕ್ಕದಲ್ಲಿ ನಿಂತು ತುಂಬ ಹೊತ್ತು ನೋಡಿ, "ಚೆನ್ನಾಗೇ ಕೆತ್ತಿದಾರೆ ಕಣೇ" ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಕಲ್ಲು ನಿಂತ ಮೇಲೆಯೇ ಲೈಲ್‌ನನ್ನು ಕರೆಯುವುದೆಂದು ಮಾರ್ನಿ ಕಳೆದ ವರ್ಷ ಕಾದಿದ್ದಳು. ಈ ವರ್ಷದ ಮೂಕ ಊಟ ನಮ್ಮ ಮನೆಯಲ್ಲೇ ಆಗಲಿ ಎಂದೆ. ಹಿಂದಿನ ದಿನ ಮಾರ್ನಿಯೂ ನಾನೂ ಪಡುವಣದ ಗೋಡೆಯ ಕಪಾಟು ಖಾಲಿ ಮಾಡಿದೆವು. ಸಾವಿರದ ಇನ್ನೂರು ಪುಸ್ತಕ. ನನ್ನ ಬದುಕಿನ ಮೂವತ್ತನಾಲ್ಕು ವರ್ಷ ಆ ಬಾಗಿಲಿಗೆ ಅಡ್ಡ ನಿಂತಿತ್ತು. ಬಿಜಾಗರಿ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ಇಬ್ಬರೂ ಭುಜ ಕೊಟ್ಟು ತಳ್ಳಿದೆವು. ಬಾಗಿಲು ಸರಿಯಾಗಿ ಪಡುವಣಕ್ಕಿದೆಯೇ ಎಂದು ನಿಮ್ಮ ದಿಕ್ಸೂಚಿ ಇಟ್ಟು ನೋಡಿದೆ. ಇತ್ತು.

ಸಂಜೆ ಐದಕ್ಕೆ ಕೂತೆವು. ಹೊರಗೆ ಇನ್ನೂ ಬಿಸಿಲು. ಮಾರ್ನಿ ಹೆಸರು ಕರೆದಳು. ಮೂರನೆಯ ಸಲ ಅವಳ ದನಿ ಒಡೆಯಿತು, ನಾನು ಪೂರ್ತಿ ಮಾಡಿದೆ. ಕುರ್ಚಿ ಎಳೆದಿಟ್ಟೆವು. ಪೀಚ್ ಕಡುಬು ಮೊದಲು. ಯಾರೂ ಮಾತಾಡಲಿಲ್ಲ.

ಜಲ್ಲಿ ಸದ್ದಾಯಿತು. ಮೂಡಣದ ಜಗಲಿ. ಅಡುಗೆಮನೆ ಪಕ್ಕ. ತೊಟ್ಟಿಯ ಮೂಲೆಯಲ್ಲಿ ನಿಂತಿತು. ಬಹಳ ಹೊತ್ತು ನಿಂತಿತ್ತು ಪ್ರೂಯಿಟ್ ಅವರೇ, ಯಾರನ್ನೋ ಕೇಳುವ ಹಾಗೆ. ನಾನು ಕೂಟದ ನಿಯಮ ಮುರಿದೆ. ಎದ್ದುನಿಂತು ಬಾಗಿಲ ಕಡೆ ಕೈ ಚಾಚಿ, "ಈ ಕಡೆ ಕಣೋ" ಅಂದೆ.

ಮೂಲೆ ದಾಟಿತು. ಗೋಡೆಯ ಉದ್ದಕ್ಕೂ ಬಂತು. ಬಾಗಿಲ ಮುಂದೆ ಬಿಸಿಲು ಬಿಟ್ಟು ಏನೂ ಇರಲಿಲ್ಲ. ಒಳಗೆ ಬಂತೋ, ಅಲ್ಲಿಂದಲೇ ಹೊರಟಿತೋ ನನಗೆ ತಿಳಿಯದು. ಮಾರ್ನಿಗೆ ತಿಳಿದಿರಬೇಕು, ಅವಳು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೂತಿದ್ದಳು. ನಾನು ಕೇಳಲಿಲ್ಲ.

ಅದಾದ ಮೇಲೆ ಇಪ್ಪತ್ನಾಲ್ಕು ಸಂಜೆ ಕಳೆದವು. ಜಲ್ಲಿ ಸುಮ್ಮನಿದೆ. ಐದು ಗಂಟೆಗೆ ಅಡುಗೆಮನೆಯಲ್ಲಿ ನಿಂತು ಕಿವಿಗೊಡುತ್ತೇನೆ. ಐದು ವರ್ಷ ನನ್ನ ಮಗ ಮನೆ ಸುತ್ತ ಇದ್ದ, ಈಗಿಲ್ಲ. ಈಗ ನಿಜವಾಗಿ ಮಗನನ್ನು ಕಳೆದುಕೊಂಡವಳು ನಾನು.

ನಾನು ನಿಮ್ಮನ್ನು ಕ್ಷಮಿಸಿಲ್ಲ. ನನ್ನನ್ನೂ ಕ್ಷಮಿಸಿಕೊಂಡಿಲ್ಲ, ಹಾಗಾಗಿ ನಿಮಗೆ ಅನ್ಯಾಯವೇನೂ ಆಗಿಲ್ಲ. ಗಡಿಯಾರ ಹಿಂದಕ್ಕೆ ಕಳಿಸುತ್ತಿದ್ದೇನೆ. ಅದು ನಿಮ್ಮ ಹತ್ತಿರವೇ ಇರಬೇಕು. ಮಂಚದ ಪಕ್ಕ ಇಟ್ಟುಕೊಳ್ಳಿ. ನಿಮಗೂ ಒಂದು ದಿನ ಯಾವುದೋ ದಿಕ್ಕು ಬೇಕಾಗುತ್ತದೆ, ಬಾಯಿ ಬಿಟ್ಟು ಕೇಳಬೇಕಾಗುತ್ತದೆ. ಆಗ ನಿಮ್ಮ ಪಕ್ಕದಲ್ಲಿ ಕೂತವರು ತೋಳು ಕೆಳಗೆ ಎಳೆದುಕೊಳ್ಳದಿರಲಿ.

ಹುಲ್ಡಾ ರಾಬೆ